ಪಾರ್ಶ್ವವಾಯು ಪುನಶ್ಚೇತನದಲ್ಲಿ ಚೀನೀ ಸಾಂಪ್ರದಾಯಿಕ ವೈದ್ಯಪದ್ಧತಿ

ಪಾರ್ಶ್ವವಾಯುವಿಗೆ ತುತ್ತಾದವರ ಚಲನೆ, ಮಾತು, ನುಂಗುವ ಶಕ್ತಿ ಮತ್ತು ದಿನನಿತ್ಯದ ಸಾಮರ್ಥ್ಯಗಳನ್ನು ಮರಳಿ ಗಳಿಸಿಕೊಡುವ ಉದ್ದೇಶದಿಂದ ಚೀನಾದಲ್ಲಿ ರೂಪುಗೊಂಡ ಚಿಕಿತ್ಸಾಕ್ರಮ. ಸೂಜಿಚಿಕಿತ್ಸೆ (ಆಕ್ಯುಪಂಕ್ಚರ್), ಮೂಲಿಕೆಗಳ ಕಷಾಯ ಮತ್ತು ಗುಳಿಗೆಗಳು, ಅಂಗಮರ್ದನ, ಮೂಲಿಕೆಯ ಕಾವು, ನಿಧಾನಗತಿಯ ವ್ಯಾಯಾಮಗಳು ಇದರ ಮುಖ್ಯ ಅಂಗಗಳು. ಇಂದು ಚೀನಾದ ಆಸ್ಪತ್ರೆಗಳಲ್ಲಿ ಇವನ್ನು ಸಾಮಾನ್ಯವಾಗಿ ಆಧುನಿಕ ವೈದ್ಯ ಮತ್ತು ಭೌತಚಿಕಿತ್ಸೆಯ ಜೊತೆಗೆ ಪೂರಕವಾಗಿ ಬಳಸಲಾಗುತ್ತದೆ. ಚೀನಾದಲ್ಲಿ ಸಾವು ಮತ್ತು ಶಾಶ್ವತ ಅಂಗವೈಕಲ್ಯದ ಪ್ರಮುಖ ಕಾರಣಗಳಲ್ಲಿ ಪಾರ್ಶ್ವವಾಯು ಒಂದಾಗಿರುವುದರಿಂದ, ಅಲ್ಲಿನ ಸಾಂಪ್ರದಾಯಿಕ ವೈದ್ಯದಲ್ಲಿ ಅತ್ಯಂತ ಹೆಚ್ಚು ಅಧ್ಯಯನಕ್ಕೆ ಒಳಗಾದ ರೋಗಗಳಲ್ಲಿ ಇದೂ ಸೇರಿದೆ.

ಪರಿಭಾಷೆ

ಆಧುನಿಕ ವೈದ್ಯದಲ್ಲಿ ಪಾರ್ಶ್ವವಾಯು ಎಂದರೆ ಮಿದುಳಿನ ಒಂದು ಭಾಗಕ್ಕೆ ರಕ್ತ ಪೂರೈಕೆ ಹಠಾತ್ತನೆ ನಿಂತು ಅಥವಾ ರಕ್ತನಾಳ ಒಡೆದು ಆ ಭಾಗದ ಜೀವಕೋಶಗಳಿಗೆ ಹಾನಿಯಾಗುವುದು. ನಾಳ ಮುಚ್ಚಿಹೋಗಿ ಉಂಟಾಗುವುದು ರಕ್ತಕೊರತೆಯ ಪಾರ್ಶ್ವವಾಯು. ನಾಳ ಒಡೆದು ಉಂಟಾಗುವುದು ರಕ್ತಸ್ರಾವದ ಪಾರ್ಶ್ವವಾಯು. ಚೀನೀ ವೈದ್ಯದಲ್ಲಿ ಈ ರೋಗಕ್ಕೆ ‘ಝೋಂಗ್‌ಫೆಂಗ್’, ಅಂದರೆ ವಾಯುವಿನ ಹೊಡೆತ, ಎಂಬ ಹೆಸರಿದೆ. ದೇಹದ ಒಂದು ಬದಿ ಸ್ವಾಧೀನ ತಪ್ಪುವುದನ್ನು ‘ಪಿಯಾನ್‌ಕು’ ಎನ್ನುತ್ತಾರೆ.

ಈ ಲೇಖನದಲ್ಲಿ ‘ಚಿ’ ಎಂದರೆ ದೇಹದ ಕ್ರಿಯೆಗಳನ್ನು ನಡೆಸುವುದೆಂದು ಚೀನೀ ವೈದ್ಯ ಭಾವಿಸುವ ಪ್ರಾಣಶಕ್ತಿ. ‘ನಾಡಿಮಾರ್ಗ’ ಎಂದರೆ ಚಿ ಮತ್ತು ರಕ್ತ ಹರಿಯುವುದೆಂದು ಹೇಳಲಾದ ಹಾದಿ. ‘ಬಿಂದು’ ಎಂದರೆ ಆ ಹಾದಿಯ ಮೇಲೆ ಸೂಜಿ ಚುಚ್ಚುವ ಅಥವಾ ಒತ್ತುವ ನೆಲೆ. ಚೀನೀ ವೈದ್ಯ ಹೇಳುವ ಯಕೃತ್ತು, ಮೂತ್ರಪಿಂಡ, ಗುಲ್ಮ ಮೊದಲಾದವು ಕ್ರಿಯಾಸಮೂಹಗಳ ಹೆಸರುಗಳು. ಅಂಗರಚನಾಶಾಸ್ತ್ರದ ಅದೇ ಹೆಸರಿನ ಅಂಗಗಳೊಂದಿಗೆ ಅವು ಪೂರ್ತಿಯಾಗಿ ಹೊಂದುವುದಿಲ್ಲ.

ಇತಿಹಾಸ

ಪಾರ್ಶ್ವವಾಯುವನ್ನು ಹೋಲುವ ಲಕ್ಷಣಗಳ ಹಳೆಯ ವಿವರಣೆ ‘ಹ್ವಾಂಗ್‌ದಿ ನೈಜಿಂಗ್’ ಎಂಬ ಸಂಕಲನ ಗ್ರಂಥದಲ್ಲಿದೆ. ಇದರ ಬಹುಭಾಗ ಕ್ರಿಸ್ತಪೂರ್ವದ ಕೊನೆಯ ಎರಡು ಶತಮಾನಗಳಲ್ಲಿ ರೂಪುಗೊಂಡಿತೆಂದು ವಿದ್ವಾಂಸರು ಭಾವಿಸುತ್ತಾರೆ. ಕಡುಕೋಪದಿಂದ ಚಿ ಮೇಲಕ್ಕೇರಿ ರಕ್ತ ತಲೆಯ ಕಡೆಗೆ ನುಗ್ಗಿ ಪ್ರಜ್ಞೆ ತಪ್ಪುವ ಸ್ಥಿತಿಯನ್ನೂ, ಅರೆಮೈ ಬಲಗುಂದುವ ಸ್ಥಿತಿಯನ್ನೂ ಅದು ಬೇರೆ ಬೇರೆ ಹೆಸರುಗಳಿಂದ ಗುರುತಿಸುತ್ತದೆ.

ಹಾನ್ ರಾಜವಂಶದ ಕೊನೆಯ ಕಾಲದ ವೈದ್ಯ ಝಾಂಗ್ ಝೋಂಗ್‌ಜಿಂಗ್‌ನ ‘ಜಿನ್‌ಗ್ವೆ ಯಾವ್‌ಲುಯೆ’ ಗ್ರಂಥ ಝೋಂಗ್‌ಫೆಂಗ್ ಅನ್ನು ಪ್ರತ್ಯೇಕ ರೋಗವಾಗಿ ನಿರೂಪಿಸಿ, ತೀವ್ರತೆಗೆ ತಕ್ಕಂತೆ ಅದನ್ನು ನಾಲ್ಕು ಮಟ್ಟಗಳಲ್ಲಿ ವಿಂಗಡಿಸಿತು. ತಾಂಗ್ ಕಾಲದ ಸುನ್ ಸಿಮಿಯಾವ್ 7ನೆಯ ಶತಮಾನದಲ್ಲಿ ತನ್ನ ಔಷಧಯೋಗಗಳ ಗ್ರಂಥದಲ್ಲಿ ಈ ರೋಗಕ್ಕೆ ಹಲವು ಕಷಾಯಗಳನ್ನು ಕೊಟ್ಟಿದ್ದಾನೆ. ಈ ಘಟ್ಟದವರೆಗೆ ಪ್ರಧಾನವಾಗಿದ್ದ ತಿಳಿವಳಿಕೆಯೆಂದರೆ, ದುರ್ಬಲಗೊಂಡ ದೇಹದೊಳಕ್ಕೆ ಹೊರಗಿನ ವಾಯು ಹೊಕ್ಕು ರೋಗ ತರುತ್ತದೆ ಎಂಬುದು. ಆದ್ದರಿಂದ ವಾಯುವನ್ನು ಹೊರದೂಡುವ ಔಷಧಗಳಿಗೇ ಪ್ರಾಶಸ್ತ್ಯವಿತ್ತು.

12ರಿಂದ 14ನೆಯ ಶತಮಾನದ ಜಿನ್ ಮತ್ತು ಯುವಾನ್ ಕಾಲದಲ್ಲಿ ಈ ನಿಲುವು ಬದಲಾಯಿತು. ದೇಹದೊಳಗಿನ ಅತಿಯಾದ ಬೆಂಕಿ ಕಾರಣವೆಂದು ಲಿಯು ವಾನ್‌ಸು, ಚಿಯ ಕೊರತೆ ಕಾರಣವೆಂದು ಲಿ ಗಾವ್, ತೇವದಿಂದ ಹುಟ್ಟಿದ ಕಫ ಮತ್ತು ಉಷ್ಣ ಕಾರಣವೆಂದು ಝು ದಾನ್‌ಶಿ ವಾದಿಸಿದರು. ಹೊರಗಿನ ವಾಯುವಿನಿಂದ ಬಂದುದು ನಿಜವಾದ ಝೋಂಗ್‌ಫೆಂಗ್, ಒಳಕಾರಣಗಳಿಂದ ಬಂದುದು ಅದನ್ನು ಹೋಲುವ ರೋಗ ಎಂದು ವಾಂಗ್ ಲು ವಿಂಗಡಿಸಿದ. ಮಿಂಗ್ ಕಾಲದ ಝಾಂಗ್ ಜಿಯೆಬಿನ್ ಇನ್ನೂ ಮುಂದೆ ಹೋಗಿ ಇದು ವಾಯುವಿನ ರೋಗವೇ ಅಲ್ಲವೆಂದ. 18ನೆಯ ಶತಮಾನದ ಯೆ ತಿಯಾನ್‌ಶಿ ಯಕೃತ್ತಿನ ಉಷ್ಣತತ್ತ್ವ ಕೆರಳಿ ದೇಹದೊಳಗೇ ವಾಯುವಾಗಿ ಮಾರ್ಪಡುತ್ತದೆ ಎಂಬ ಸಿದ್ಧಾಂತವನ್ನು ನೆಲೆಗೊಳಿಸಿದ.

ಪುನಶ್ಚೇತನದ ದೃಷ್ಟಿಯಿಂದ ದೊಡ್ಡ ತಿರುವು ತಂದವನು ಚಿಂಗ್ ಕಾಲದ ವಾಂಗ್ ಚಿಂಗ್‌ರೆನ್ (1768–1831). 1830ರಲ್ಲಿ ಪ್ರಕಟವಾದ ‘ಯಿಲಿನ್ ಗೈತ್ಸುವೊ’ದಲ್ಲಿ ಆತ ಮೂಲ ಚಿಯನ್ನು ಹತ್ತು ಪಾಲೆಂದು ಎಣಿಸಿ, ಅದು ಎಡಬಲಕ್ಕೆ ಐದೈದು ಪಾಲಾಗಿ ಹಂಚಿಹೋಗಿರುತ್ತದೆಂದೂ, ಅರ್ಧದಷ್ಟು ಕುಂದಿದಾಗ ಒಂದು ಬದಿ ಬರಿದಾಗಿ ಸ್ವಾಧೀನ ತಪ್ಪುತ್ತದೆಂದೂ ವಿವರಿಸಿದ. ಚಿಯನ್ನು ತುಂಬಿ ನಿಂತ ರಕ್ತವನ್ನು ಹರಿಯಿಸುವ ಅವನ ‘ಬುಯಾಂಗ್ ಹ್ವಾನ್‌ವು ತಾಂಗ್’ ಕಷಾಯ ಇಂದಿಗೂ ಚೇತರಿಕೆಯ ಹಂತದ ಮುಖ್ಯ ಔಷಧ. ಝಾಂಗ್ ಶಿಚುನ್ (1860–1933) ಚೀನೀ ವೈದ್ಯವನ್ನು ಪಾಶ್ಚಾತ್ಯ ವೈದ್ಯದ ಮಿದುಳಿನ ರಕ್ತಸ್ರಾವದ ವಿವರಣೆಯೊಂದಿಗೆ ಹೊಂದಿಸಲು ಯತ್ನಿಸಿ ‘ಝೆನ್‌ಗಾನ್ ಶಿಫೆಂಗ್ ತಾಂಗ್’ ಎಂಬ ಯೋಗವನ್ನು ರಚಿಸಿದ.

1949ರ ನಂತರ ಚೀನೀ ಸರ್ಕಾರ ಸಾಂಪ್ರದಾಯಿಕ ವೈದ್ಯವನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯೊಳಕ್ಕೆ ತಂದಿತು. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಝೌ ಮತ್ತು ಚೆಂಗ್ದು ನಗರಗಳಲ್ಲಿ ಚೀನೀ ವೈದ್ಯದ ಕಾಲೇಜುಗಳು ಆರಂಭವಾದವು. 1970ರ ದಶಕದ ಮೊದಲ ವರ್ಷಗಳಲ್ಲಿ ಶಾನ್‌ಶಿ ಪ್ರಾಂತದ ಜಿಯಾವ್ ಶುನ್‌ಫಾ ತಲೆಯ ಸೂಜಿಚಿಕಿತ್ಸೆಯನ್ನೂ, ತಿಯಾಂಜಿನ್ ನಗರದ ಶಿ ಶುಯೆಮಿನ್ ‘ಶಿಂಗ್‌ನಾವ್ ಕೈಚಿಯಾವ್’ ವಿಧಾನವನ್ನೂ ರೂಪಿಸಿದರು.

ರೋಗಕಲ್ಪನೆ

ಚೀನೀ ವೈದ್ಯದ ಪ್ರಕಾರ ಪಾರ್ಶ್ವವಾಯುವಿನ ಮೂಲದಲ್ಲಿ ಕೊರತೆಯಿರುತ್ತದೆ, ಹೊರಕ್ಕೆ ಕಾಣುವುದು ಅತಿರೇಕ. ವಯಸ್ಸು, ಅತಿದುಡಿಮೆ, ಮನೋವಿಕಾರ, ಮದ್ಯ ಮತ್ತು ಜಿಡ್ಡಿನ ಆಹಾರಗಳಿಂದ ಯಕೃತ್ತು ಮತ್ತು ಮೂತ್ರಪಿಂಡಗಳ ಶೀತತತ್ತ್ವ (ಯಿನ್) ಕುಂದುತ್ತದೆ, ಚಿ ಬಲಗುಂದುತ್ತದೆ. ಆಗ ವಾಯು, ಬೆಂಕಿ, ಕಫ, ನಿಂತ ರಕ್ತ ಇವು ಒಂದನ್ನೊಂದು ಕೆರಳಿಸಿ ಮೇಲಕ್ಕೇರಿ ಮಿದುಳಿನ ದ್ವಾರಗಳನ್ನು ಮುಚ್ಚುತ್ತವೆ, ನಾಡಿಮಾರ್ಗಗಳನ್ನು ಕಟ್ಟುತ್ತವೆ. ರೋಗದ ಆರಂಭದಲ್ಲಿ ಅತಿರೇಕವನ್ನು ಇಳಿಸುವುದು, ಚೇತರಿಕೆಯ ಕಾಲದಲ್ಲಿ ಕೊರತೆಯನ್ನು ತುಂಬುತ್ತ ರಕ್ತ ಹರಿಯುವಂತೆ ಮಾಡುವುದು ಚಿಕಿತ್ಸೆಯ ಸೂತ್ರ.

ರೋಗನಿರ್ಣಯಕ್ಕೆ ನೋಡುವುದು, ಆಲಿಸುವುದು ಮತ್ತು ಮೂಸುವುದು, ಕೇಳುವುದು, ಮುಟ್ಟಿ ನೋಡುವುದು ಎಂಬ ನಾಲ್ಕು ಪರೀಕ್ಷೆಗಳಿವೆ. ನಾಲಗೆಯ ಬಣ್ಣ ಮತ್ತು ಲೇಪ, ಎರಡೂ ಮಣಿಕಟ್ಟುಗಳ ನಾಡಿ ಇವುಗಳಿಗೆ ಹೆಚ್ಚಿನ ಮಹತ್ವವಿದೆ. ದೊರೆತ ಲಕ್ಷಣಗಳನ್ನು ಒಟ್ಟುಗೂಡಿಸಿ ‘ಲಕ್ಷಣಕೂಟ’ವನ್ನು ಗುರುತಿಸಲಾಗುತ್ತದೆ. ಒಂದೇ ರೋಗದ ಇಬ್ಬರಿಗೆ ಲಕ್ಷಣಕೂಟ ಬೇರೆಯಾದರೆ ಔಷಧವೂ ಬೇರೆಯಾಗುತ್ತದೆ. ಇಂದಿನ ಚೀನೀ ಆಸ್ಪತ್ರೆಗಳಲ್ಲಿ ಸಿ.ಟಿ. ಅಥವಾ ಎಂ.ಆರ್.ಐ. ಪರೀಕ್ಷೆಯಿಂದ ಪಾರ್ಶ್ವವಾಯುವಿನ ಬಗೆ ಖಚಿತವಾದ ಮೇಲೆ ಲಕ್ಷಣಕೂಟದ ನಿರ್ಣಯ ನಡೆಯುತ್ತದೆ.

ವರ್ಗೀಕರಣ

ತೀವ್ರತೆಯ ಪ್ರಕಾರ: ಪ್ರಜ್ಞೆ ಉಳಿದು ಮುಖ, ಕೈಕಾಲು ಅಥವಾ ಮಾತು ಮಾತ್ರ ಬಾಧಿತವಾದರೆ ಅದು ನಾಡಿಮಾರ್ಗದ ಹೊಡೆತ; ಪ್ರಜ್ಞೆ ತಪ್ಪಿದರೆ ಅದು ಒಳ ಅಂಗಗಳ ಹೊಡೆತ. ಎರಡನೆಯದರಲ್ಲಿ ಮತ್ತೆ ಎರಡು ಬಗೆ. ಹಲ್ಲು ಕಚ್ಚಿ, ಮುಷ್ಟಿ ಬಿಗಿದಿರುವುದು ‘ಮುಚ್ಚಿದ’ ಸ್ಥಿತಿ. ಬಾಯಿ ತೆರೆದು, ಕೈ ಸಡಿಲಗೊಂಡು, ಬೆವರಿ ಮೈ ತಣ್ಣಗಾಗುವುದು ‘ಕುಸಿದ’ ಸ್ಥಿತಿ.

ಕಾಲದ ಪ್ರಕಾರ: ಸಾಮಾನ್ಯವಾಗಿ ಮೊದಲ ಎರಡು ವಾರ ತೀವ್ರ ಹಂತ, ಒಳ ಅಂಗಗಳ ಹೊಡೆತದಲ್ಲಿ ಇದು ಒಂದು ತಿಂಗಳವರೆಗೆ ಇರಬಹುದು. ಅಲ್ಲಿಂದ ಆರು ತಿಂಗಳವರೆಗೆ ಚೇತರಿಕೆಯ ಹಂತ. ಆರು ತಿಂಗಳ ಬಳಿಕ ಶೇಷಲಕ್ಷಣಗಳ ಹಂತ.

ಲಕ್ಷಣಕೂಟದ ಪ್ರಕಾರ: ವಾಯು ಮತ್ತು ಬೆಂಕಿ ಮೇಲೇರುವುದು, ವಾಯು ಮತ್ತು ಕಫ ನಾಡಿಮಾರ್ಗವನ್ನು ಕಟ್ಟುವುದು, ಮಲಬದ್ಧತೆಯೊಡನೆ ಕಫ ಮತ್ತು ಉಷ್ಣ ಕೂಡುವುದು, ಚಿಯ ಕೊರತೆಯಿಂದ ರಕ್ತ ನಿಲ್ಲುವುದು, ಯಿನ್ ಕೊರತೆಯಿಂದ ವಾಯು ಚಲಿಸುವುದು ಎಂಬ ಐದು ಮುಖ್ಯ ಕೂಟಗಳನ್ನು ಹೇಳುತ್ತಾರೆ. ಪುನಶ್ಚೇತನದ ಕಾಲದಲ್ಲಿ ಹೆಚ್ಚಾಗಿ ಪರಿಗಣಿಸುವುದು ಕೊನೆಯ ಎರಡನ್ನು.

ಚಿಕಿತ್ಸಾ ವಿಧಾನಗಳು

ಸೂಜಿಚಿಕಿತ್ಸೆ: ತೆಳುವಾದ ಉಕ್ಕಿನ ಸೂಜಿಗಳನ್ನು ನಿಗದಿತ ಬಿಂದುಗಳಲ್ಲಿ ಚುಚ್ಚಿ, ತಿರುಗಿಸಿ ಅಥವಾ ಎತ್ತಿಳಿಸಿ, ಸಾಮಾನ್ಯವಾಗಿ 20ರಿಂದ 30 ನಿಮಿಷ ಹಾಗೆಯೇ ಬಿಡಲಾಗುತ್ತದೆ. ಕೈಗೆ ಭುಜದ ಜಿಯಾನ್‌ಯು, ಮೊಣಕೈಯ ಚುಚಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಹೆಗು, ಕಾಲಿಗೆ ಮೊಣಕಾಲಿನ ಕೆಳಗಿನ ಝುಸಾನ್‌ಲಿ ಮತ್ತು ಯಾಂಗ್‌ಲಿಂಗ್‌ಚುವಾನ್ ರೂಢಿಯಲ್ಲಿರುವ ಬಿಂದುಗಳು. ಸೂಜಿಗಳಿಗೆ ಮಂದ ವಿದ್ಯುತ್ ಸ್ಪಂದನ ಹಾಯಿಸುವ ವಿದ್ಯುತ್ ಸೂಜಿಚಿಕಿತ್ಸೆಯೂ ಬಳಕೆಯಲ್ಲಿದೆ.

ಶಿಂಗ್‌ನಾವ್ ಕೈಚಿಯಾವ್ ವಿಧಾನ: ಮಿದುಳನ್ನು ಎಚ್ಚರಿಸಿ ಅದರ ದ್ವಾರಗಳನ್ನು ತೆರೆಯುವುದು ಈ ವಿಧಾನದ ಘೋಷಿತ ಉದ್ದೇಶ. ಮುಂಗೈ ಒಳಬದಿಯ ನೈಗ್ವಾನ್, ಮೂಗು ಮತ್ತು ಮೇಲ್ತುಟಿಯ ನಡುವಿನ ರೆನ್‌ಝೋಂಗ್, ಕಣಕಾಲಿನ ಮೇಲ್ಭಾಗದ ಸಾನ್‌ಯಿನ್‌ಜಿಯಾವ್ ಇದರ ಪ್ರಧಾನ ಬಿಂದುಗಳು. ಕಂಕುಳಿನ ಬಳಿಯ ಜಿಚುವಾನ್, ಮೊಣಕೈಯ ಚಿಝೆ, ಮೊಣಕಾಲಿನ ಹಿಂಬದಿಯ ವೈಝೋಂಗ್ ಪೂರಕ ಬಿಂದುಗಳು. ಪ್ರಚೋದನೆಯ ಪ್ರಮಾಣವನ್ನು ಕಣ್ಣಿಗೆ ಕಾಣುವ ಪ್ರತಿಕ್ರಿಯೆಯಿಂದ ನಿಗದಿಪಡಿಸಿರುವುದು ಇದರ ವಿಶೇಷ. ರೆನ್‌ಝೋಂಗ್ ಬಿಂದುವಿನಲ್ಲಿ ಕಣ್ಣು ತೇವಗೊಳ್ಳುವವರೆಗೆ, ಕೈಕಾಲಿನ ಪೂರಕ ಬಿಂದುಗಳಲ್ಲಿ ಅಂಗ ಮೂರು ಬಾರಿ ಅದುರುವವರೆಗೆ ಸೂಜಿಯನ್ನು ಆಡಿಸುತ್ತಾರೆ.

ತಲೆಯ ಸೂಜಿಚಿಕಿತ್ಸೆ: ಮಿದುಳಿನ ಹೊರಪದರದ ಕ್ರಿಯಾಕೇಂದ್ರಗಳು ತಲೆಬುರುಡೆಯ ಮೇಲೆ ಎಲ್ಲಿ ಬೀಳುತ್ತವೆ ಎಂಬ ಆಧುನಿಕ ನರಶಾಸ್ತ್ರದ ತಿಳಿವಳಿಕೆಯನ್ನು ಇದು ಆಧರಿಸಿದೆ. ಸೂಜಿಯನ್ನು ನೆತ್ತಿಯ ಚರ್ಮದಡಿಯಲ್ಲಿ ಓರೆಯಾಗಿ ಸರಿಸಿ ವೇಗವಾಗಿ, ನಿಮಿಷಕ್ಕೆ ಸುಮಾರು 200 ಬಾರಿ, ತಿರುಗಿಸಲಾಗುತ್ತದೆ. ಬಾಧಿತ ಕೈಕಾಲುಗಳ ಎದುರು ಬದಿಯಲ್ಲಿ ಚುಚ್ಚುವುದು ಕ್ರಮ. ಚಲನೆಯ ಕೇಂದ್ರಕ್ಕೆ ಹೊಂದುವಂತೆ ನೆತ್ತಿಯ ಮೇಲೆ ಗುರುತಿಸುವ ಚಲನರೇಖೆಯ ಮೇಲಿನ ಐದನೆಯ ಒಂದು ಭಾಗ ಕಾಲು ಮತ್ತು ಮುಂಡಕ್ಕೆ, ನಡುವಿನ ಐದನೆಯ ಎರಡು ಭಾಗ ಕೈಗೆ, ಕೆಳಗಿನ ಐದನೆಯ ಎರಡು ಭಾಗ ಮುಖ ಮತ್ತು ಮಾತಿಗೆ ಸಂಬಂಧಿಸಿದ್ದು. ಸೂಜಿ ಇರುವಾಗಲೇ ರೋಗಿ ಕೈಕಾಲು ಆಡಿಸುವ ಅಭ್ಯಾಸ ಮಾಡುವುದು ಈ ವಿಧಾನದಲ್ಲಿ ರೂಢಿ.

ಮೂಲಿಕಾ ಔಷಧಗಳು: ಬುಯಾಂಗ್ ಹ್ವಾನ್‌ವು ತಾಂಗ್ ಕಷಾಯದಲ್ಲಿ ಏಳು ದ್ರವ್ಯಗಳಿವೆ: ಹ್ವಾಂಗ್‌ಚಿ ಬೇರು, ದಾಂಗ್‌ಗ್ವೆ ಬೇರಿನ ತುದಿ, ಕೆಂಪು ಪಿಯೊನಿ ಬೇರು, ಚುವಾನ್‌ಶಿಯೋಂಗ್ ಗಡ್ಡೆ, ಪೀಚ್ ಬೀಜದ ತಿರುಳು, ಕುಸುಬೆ ಹೂವು ಮತ್ತು ಒಣಗಿಸಿದ ಎರೆಹುಳು. ಮೂಲ ಪಾಠದಲ್ಲಿ ಹ್ವಾಂಗ್‌ಚಿಯ ಪ್ರಮಾಣ 4 ಲಿಯಾಂಗ್, ಅಂದರೆ ಇಂದಿನ ಲೆಕ್ಕದಲ್ಲಿ ಸುಮಾರು 120 ಗ್ರಾಂ. ಇದು ಉಳಿದ ಆರೂ ದ್ರವ್ಯಗಳ ಒಟ್ಟು ತೂಕದ ಐದು ಪಟ್ಟಿಗಿಂತ ಹೆಚ್ಚು. ಚಿಯನ್ನು ತುಂಬುವುದೇ ಪ್ರಧಾನ, ರಕ್ತವನ್ನು ಹರಿಯಿಸುವುದು ಅದಕ್ಕೆ ಅಧೀನ ಎಂಬ ವಾಂಗ್ ಚಿಂಗ್‌ರೆನ್‌ನ ಸಿದ್ಧಾಂತವನ್ನು ಈ ಅನುಪಾತ ಅನುಸರಿಸುತ್ತದೆ.

ಪ್ರಜ್ಞೆ ತಪ್ಪಿದ ಮುಚ್ಚಿದ ಸ್ಥಿತಿಗೆ ‘ಆನ್‌ಗೋಂಗ್ ನಿಯುಹ್ವಾಂಗ್ ವಾನ್’ ಗುಳಿಗೆ ಪ್ರಸಿದ್ಧ. ವು ಜುತೋಂಗ್‌ನ 1798ರ ಗ್ರಂಥದಲ್ಲಿ ಬರುವ ಈ ಯೋಗ ಮೂಲತಃ ತೀವ್ರ ಜ್ವರಗಳಿಗೆ ರಚಿತವಾದದ್ದು. ಗೋರೋಚನ, ಕಸ್ತೂರಿ, ಮುತ್ತು, ಇಂಗಳೀಕ, ಮನಃಶಿಲೆ ಇದರ ದ್ರವ್ಯಗಳಲ್ಲಿ ಸೇರಿವೆ. ಮೂಲದಲ್ಲಿದ್ದ ಘೇಂಡಾಮೃಗದ ಕೊಂಬಿನ ವ್ಯಾಪಾರವನ್ನು ಚೀನಾ 1993ರಲ್ಲಿ ನಿಷೇಧಿಸಿತು. ಈಗ ಅದರ ಬದಲು ಎಮ್ಮೆಯ ಕೊಂಬನ್ನು ಬಳಸುತ್ತಾರೆ. ದಾನ್‌ಶೆನ್, ಸಾನ್‌ಚಿ ಮೊದಲಾದ ಬೇರುಗಳಿಂದ ಮತ್ತು ಗಿಂಕ್ಗೊ ಎಲೆಯಿಂದ ತಯಾರಿಸಿದ ಮಾತ್ರೆ ಮತ್ತು ಚುಚ್ಚುಮದ್ದುಗಳೂ ಚೀನಾದ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿವೆ.

ತುಯಿನಾ: ಒತ್ತುವುದು, ಉರುಳಿಸುವುದು, ಹಿಸುಕುವುದು, ಕೀಲುಗಳನ್ನು ತಿರುಗಿಸುವುದು ಮೊದಲಾದ ಕೈಚಳಕಗಳ ಅಂಗಮರ್ದನ. ಸ್ನಾಯುಬಿಗಿತ ಕಡಿಮೆ ಮಾಡಲು, ಕೀಲು ಹಿಡಿದುಕೊಳ್ಳದಂತೆ ನೋಡಿಕೊಳ್ಳಲು ಇದನ್ನು ಬಳಸುತ್ತಾರೆ.

ಮಾಕ್ಸಾ ಕಾವು: ಮಾಚಿಪತ್ರೆಯ ಕುಲಕ್ಕೆ ಸೇರಿದ ಗಿಡವೊಂದರ ಒಣ ಎಲೆಯನ್ನು ಹತ್ತಿಯಂತೆ ಪುಡಿಮಾಡಿ, ಕಡ್ಡಿಯಾಗಿ ಸುತ್ತಿ, ಉರಿಸಿ ಬಿಂದುಗಳ ಬಳಿ ಹಿಡಿಯುವ ವಿಧಾನ.

ವ್ಯಾಯಾಮಗಳು: ತಾಯ್‌ಚಿ ಮತ್ತು ಎಂಟು ಭಂಗಿಗಳ ಬಾದುವಾನ್‌ಜಿನ್ ಮುಖ್ಯವಾದವು. ದೇಹಭಾರವನ್ನು ನಿಧಾನವಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುವ ಈ ಚಲನೆಗಳು ನಡೆಯಬಲ್ಲ ಸ್ಥಿತಿಗೆ ಬಂದವರ ಸಮತೋಲನ ತರಬೇತಿಗೆ ಒದಗುತ್ತವೆ. ನಿಲ್ಲಲಾರದವರಿಗೆ ಕುಳಿತು ಮಾಡುವ ರೂಪಗಳಿವೆ.

ಬಳಕೆಯ ಕ್ಷೇತ್ರಗಳು

ಕೈಕಾಲುಗಳ ದುರ್ಬಲತೆ ಮತ್ತು ಸ್ನಾಯುಬಿಗಿತ, ಭುಜದ ನೋವು, ಮುಖದ ವಕ್ರತೆ, ನುಂಗುವ ತೊಂದರೆ, ಮಾತಿನ ನಷ್ಟ, ನಿದ್ರಾಹೀನತೆ, ಖಿನ್ನತೆ, ಮಲಬದ್ಧತೆ ಇವುಗಳಿಗೆ ಈ ಚಿಕಿತ್ಸೆಗಳನ್ನು ಬಳಸುತ್ತಾರೆ. ನುಂಗುವ ತೊಂದರೆಗೆ ಗಂಟಲಿನ ಮುಂಭಾಗದ ಲಿಯಾನ್‌ಚುವಾನ್ ಮತ್ತು ಕತ್ತಿನ ಹಿಂಭಾಗದ ಫೆಂಗ್‌ಚಿ ಬಿಂದುಗಳು ಪ್ರಧಾನ. ಚೇತರಿಕೆಯ ಹಂತದಲ್ಲಿ ರೋಗಿಗೆ ಸಾಮಾನ್ಯವಾಗಿ ಸೂಜಿಚಿಕಿತ್ಸೆ, ಕಷಾಯ, ಭೌತಚಿಕಿತ್ಸೆ, ರಕ್ತದೊತ್ತಡ ಮತ್ತು ರಕ್ತ ಹೆಪ್ಪುಗಟ್ಟುವಿಕೆಯ ನಿಯಂತ್ರಣಕ್ಕೆ ಬೇಕಾದ ಆಧುನಿಕ ಔಷಧಗಳು ಒಟ್ಟಿಗೇ ನಡೆಯುತ್ತವೆ.

ವೈಜ್ಞಾನಿಕ ಪುರಾವೆ

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ 1997ರ ಒಮ್ಮತದ ಹೇಳಿಕೆ, ಸೂಜಿಚಿಕಿತ್ಸೆ ಪೂರಕವಾಗಿ ಉಪಯುಕ್ತವಾಗಬಹುದಾದ ಸಂದರ್ಭಗಳಲ್ಲಿ ಪಾರ್ಶ್ವವಾಯು ಪುನಶ್ಚೇತನವನ್ನೂ ಸೇರಿಸಿತ್ತು. 2016ರ ಕಾಕ್ರೇನ್ ಸಮೀಕ್ಷೆ 31 ಪ್ರಯೋಗಗಳ 2,257 ರೋಗಿಗಳ ಮಾಹಿತಿಯನ್ನು ಪರಿಶೀಲಿಸಿ, ಅವಲಂಬನೆ ಮತ್ತು ಕೆಲವು ನರದೌರ್ಬಲ್ಯಗಳಲ್ಲಿ ಪ್ರಯೋಜನವಿರಬಹುದಾದರೂ ಬಹುತೇಕ ಪ್ರಯೋಗಗಳ ಗುಣಮಟ್ಟ ಕಡಿಮೆಯಾದುದರಿಂದ ಖಚಿತ ತೀರ್ಮಾನ ಸಾಧ್ಯವಿಲ್ಲವೆಂದಿತು. ಅದೇ ವರ್ಷದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಮಾರ್ಗಸೂಚಿ, ನುಂಗುವ ತೊಂದರೆಗೆ ಸೂಜಿಚಿಕಿತ್ಸೆಯನ್ನು ಪೂರಕವಾಗಿ ಪರಿಗಣಿಸಬಹುದೆಂದರೂ, ಕೈಯ ಚಲನೆ ಮತ್ತು ದಿನನಿತ್ಯದ ಚಟುವಟಿಕೆಗಳ ಸುಧಾರಣೆಗೆ ಅದನ್ನು ಶಿಫಾರಸು ಮಾಡಲಿಲ್ಲ. ಮಾತಿನ ನಷ್ಟವಿದ್ದ 252 ರೋಗಿಗಳ ಮೇಲೆ ಚೀನಾದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಸಿ ಸೂಜಿಚಿಕಿತ್ಸೆ ಪಡೆದವರಿಗಿಂತ ನಿಜವಾದ ಸೂಜಿಚಿಕಿತ್ಸೆ ಪಡೆದವರ ಭಾಷಾಸಾಮರ್ಥ್ಯ ಹೆಚ್ಚು ಸುಧಾರಿಸಿತು.

ಮೂಲಿಕಾ ಔಷಧಗಳ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ನ್ಯೂರೋಏಯ್ಡ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಚೀನೀ ಸಂಯುಕ್ತ ಔಷಧವನ್ನು 1,100 ರೋಗಿಗಳ ಮೇಲೆ ಪರೀಕ್ಷಿಸಿದ ಚೈಮ್ಸ್ ಪ್ರಯೋಗದಲ್ಲಿ (2013), ಮೂರು ತಿಂಗಳ ಕೊನೆಗೆ ಅದಕ್ಕೂ ಹುಸಿಔಷಧಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಗಿಂಕ್ಗೊ ಎಲೆಯಿಂದ ಪ್ರತ್ಯೇಕಿಸಿದ ಘಟಕಗಳ ಚುಚ್ಚುಮದ್ದನ್ನು 3,448 ರೋಗಿಗಳ ಮೇಲೆ ಪರೀಕ್ಷಿಸಿದ 2023ರ ವರದಿಯಲ್ಲಿ, 90 ದಿನಗಳ ಬಳಿಕ ಉತ್ತಮ ಸ್ಥಿತಿಗೆ ಬಂದವರ ಪ್ರಮಾಣ ಔಷಧದ ಗುಂಪಿನಲ್ಲಿ ಶೇ. 50.4, ಹುಸಿಔಷಧದ ಗುಂಪಿನಲ್ಲಿ ಶೇ. 44.1 ಇತ್ತು. ಮಿದುಳಿನ ರಕ್ತಸ್ರಾವದ 1,648 ರೋಗಿಗಳಿಗೆ ‘ಝೋಂಗ್‌ಫೆಂಗ್ ಶಿಂಗ್‌ನಾವ್’ ಎಂಬ ಔಷಧ ಕೊಟ್ಟು ನಡೆಸಿದ, 2024ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ಪ್ರಯೋಗದಲ್ಲಿ ಯಾವ ಪ್ರಯೋಜನವೂ ಕಂಡುಬರಲಿಲ್ಲ.

ತಾಯ್‌ಚಿ ಕುರಿತು ಅಮೆರಿಕದಲ್ಲಿ 145 ಜನರ ಮೇಲೆ ನಡೆದ 12 ವಾರಗಳ ಅಧ್ಯಯನದಲ್ಲಿ (2014), ತಾಯ್‌ಚಿ ಕಲಿತವರು ಇತರ ಗುಂಪುಗಳವರಿಗಿಂತ ಕಡಿಮೆ ಬಾರಿ ಬಿದ್ದರು.

ಈ ಕ್ಷೇತ್ರದ ಸಂಶೋಧನೆಗೆ ಕೆಲವು ಅಂತರ್ಗತ ತೊಡಕುಗಳಿವೆ. ಸೂಜಿ ಚುಚ್ಚುವ ವೈದ್ಯನಿಗೆ ನಿಜವಾದ ಚಿಕಿತ್ಸೆ ಯಾವುದು ಎಂಬುದನ್ನು ಮರೆಮಾಚಲಾಗದು. ಹುಸಿ ಸೂಜಿಯೂ ಚರ್ಮದ ನರಗಳನ್ನು ಪ್ರಚೋದಿಸಬಲ್ಲದು. ಲಕ್ಷಣಕೂಟಕ್ಕೆ ತಕ್ಕಂತೆ ಬದಲಾಗುವ ಕಷಾಯವನ್ನು ಒಂದೇ ಅಳತೆಯಲ್ಲಿ ಪರೀಕ್ಷಿಸುವುದು ಕಷ್ಟ. ಮೊದಲ ವಾರಗಳಲ್ಲಿ ಬಹಳ ರೋಗಿಗಳು ಸಹಜವಾಗಿಯೂ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳುವುದರಿಂದ, ಹೋಲಿಕೆಯ ಗುಂಪಿಲ್ಲದ ಅಧ್ಯಯನಗಳಿಂದ ಚಿಕಿತ್ಸೆಯ ಪರಿಣಾಮವನ್ನು ಅಳೆಯಲಾಗದು.

ಅಪಾಯಗಳು ಮತ್ತು ಎಚ್ಚರಿಕೆಗಳು

ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಔಷಧವನ್ನು ರಕ್ತಕೊರತೆಯ ಪಾರ್ಶ್ವವಾಯು ಆರಂಭವಾದ 4.5 ಗಂಟೆಯೊಳಗೆ ಕೊಡಬೇಕಾಗುತ್ತದೆ. ಸಾಂಪ್ರದಾಯಿಕ ಚಿಕಿತ್ಸೆಗಾಗಿ ಆಸ್ಪತ್ರೆ ಸೇರುವುದನ್ನು ತಡಮಾಡಿದರೆ ಈ ಅವಕಾಶ ತಪ್ಪುತ್ತದೆ. ಬೆರಳ ತುದಿ ಚುಚ್ಚಿ ರಕ್ತ ತೆಗೆಯುವುದು, ಸ್ಕ್ಯಾನ್ ಇಲ್ಲದೆ ಮನೆಯಲ್ಲೇ ಗುಳಿಗೆ ನುಂಗಿಸುವುದು ಸುರಕ್ಷಿತವಲ್ಲ. ನುಂಗುವ ಶಕ್ತಿ ಕುಂದಿದ ರೋಗಿಗೆ ಬಾಯಿಯ ಮೂಲಕ ಏನನ್ನು ಕೊಟ್ಟರೂ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ದಾನ್‌ಶೆನ್ ಮತ್ತು ದಾಂಗ್‌ಗ್ವೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಔಷಧದ ಪರಿಣಾಮವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ಎಡೆಮಾಡಬಲ್ಲವು. ಅತಿಮಧುರದ ದೀರ್ಘ ಸೇವನೆ ರಕ್ತದೊತ್ತಡವನ್ನು ಏರಿಸಿ ಪೊಟ್ಯಾಸಿಯಂ ಅನ್ನು ಇಳಿಸುತ್ತದೆ. ಮಾಹ್ವಾಂಗ್ (ಎಫೆಡ್ರಾ) ರಕ್ತದೊತ್ತಡ ಏರಿಸುತ್ತದೆ. ಅದರ ಸಾರವುಳ್ಳ ಆಹಾರಪೂರಕಗಳನ್ನು ಅಮೆರಿಕ 2004ರಲ್ಲಿ ನಿಷೇಧಿಸಿತು. ವತ್ಸನಾಭಿಯ ಜಾತಿಯ ಬೇರುಗಳನ್ನು ಸರಿಯಾಗಿ ಸಂಸ್ಕರಿಸದಿದ್ದರೆ ಹೃದಯಬಡಿತ ಏರುಪೇರಾಗುತ್ತದೆ. ಇಂಗಳೀಕದಲ್ಲಿ ಪಾದರಸವೂ ಮನಃಶಿಲೆಯಲ್ಲಿ ಆರ್ಸೆನಿಕ್ ಕೂಡ ಇರುವುದರಿಂದ ಅವುಗಳ ದೀರ್ಘಕಾಲದ ಬಳಕೆ ಅಪಾಯಕರ.

ಸೂಜಿಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟಿ ಕಂದುವುದು, ತಲೆಸುತ್ತು ಸಾಮಾನ್ಯ. ಸೋಂಕು ಮತ್ತು ಎದೆಭಾಗದಲ್ಲಿ ಆಳವಾಗಿ ಚುಚ್ಚಿದಾಗ ಶ್ವಾಸಕೋಶಕ್ಕೆ ಗಾಯವಾಗುವುದು ಅಪರೂಪ. ಒಮ್ಮೆ ಬಳಸಿ ಬಿಸಾಡುವ ಕ್ರಿಮಿರಹಿತ ಸೂಜಿಗಳಿಂದ ಸೋಂಕಿನ ಸಂಭವ ಇಳಿಯುತ್ತದೆ. ಹೃದಯದಲ್ಲಿ ಪೇಸ್‌ಮೇಕರ್ ಇರುವವರಿಗೆ ವಿದ್ಯುತ್ ಸೂಜಿಚಿಕಿತ್ಸೆ ಮಾಡುವುದಿಲ್ಲ. ಸಂವೇದನೆ ಕಳೆದುಕೊಂಡ ಅಂಗಕ್ಕೆ ಮಾಕ್ಸಾ ಹಿಡಿದರೆ ರೋಗಿಗೆ ತಿಳಿಯದಂತೆ ಚರ್ಮ ಸುಡಬಹುದು.

ಪ್ರಸ್ತುತ ಸ್ಥಿತಿ

ಚೀನಾದಲ್ಲಿ 2017ರ ಜುಲೈ 1ರಿಂದ ಜಾರಿಯಲ್ಲಿರುವ ಚೀನೀ ವೈದ್ಯ ಕಾನೂನು ಈ ಪದ್ಧತಿಗೆ ಆಧುನಿಕ ವೈದ್ಯದ ಜೊತೆ ಸಮಾನ ಪ್ರಾಶಸ್ತ್ಯ ಕೊಡುವ ನೀತಿಯನ್ನು ಅನುಸರಿಸುತ್ತದೆ. ತೈವಾನ್‌ನ ರಾಷ್ಟ್ರೀಯ ಆರೋಗ್ಯ ವಿಮೆ ಚೀನೀ ವೈದ್ಯದ ವೆಚ್ಚವನ್ನೂ ಭರಿಸುತ್ತದೆ. ಸೂಜಿಚಿಕಿತ್ಸೆ ಮತ್ತು ಮಾಕ್ಸಾ 2010ರಲ್ಲಿ, ತಾಯ್‌ಚಿ 2020ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದವು. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ (2022ರಿಂದ ಜಾರಿ) ಚೀನೀ ಮೂಲದ ಸಾಂಪ್ರದಾಯಿಕ ವೈದ್ಯದ ರೋಗಗಳು ಮತ್ತು ಲಕ್ಷಣಕೂಟಗಳಿಗಾಗಿ ಪ್ರತ್ಯೇಕ ವಿಭಾಗವಿದೆ. ಇದು ದಾಖಲಾತಿಗೆಂದು ಮಾಡಿದ ವ್ಯವಸ್ಥೆಯೇ ಹೊರತು ಚಿಕಿತ್ಸೆಗಳ ಪರಿಣಾಮಕ್ಕೆ ಮನ್ನಣೆಯಲ್ಲ.

ಭಾರತಕ್ಕೆ ಈ ಪದ್ಧತಿಯಿಂದ ಮುಖ್ಯವಾಗಿ ಬಂದದ್ದು ಸೂಜಿಚಿಕಿತ್ಸೆ. ದ್ವಾರಕಾನಾಥ ಕೋಟ್ನಿಸ್ ಇದ್ದ 1938ರ ಭಾರತೀಯ ವೈದ್ಯತಂಡದ ಸದಸ್ಯ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಚೀನಾದಲ್ಲಿ ಇದನ್ನು ಕಲಿತು ಕೋಲ್ಕತ್ತದಲ್ಲಿ ಆರಂಭಿಸಿದರು. ಕೇಂದ್ರ ಸರ್ಕಾರ 2003ರಲ್ಲಿ ಇದನ್ನು ಚಿಕಿತ್ಸಾ ವಿಧಾನವಾಗಿ ಒಪ್ಪಿ, 2019ರಲ್ಲಿ ಸ್ವತಂತ್ರ ಪದ್ಧತಿಯಾಗಿ ಮಾನ್ಯ ಮಾಡಿತು. ಕರ್ನಾಟಕದಲ್ಲಿ ಉಜಿರೆಯ ಕಾಲೇಜೂ ಸೇರಿದಂತೆ ಪ್ರಕೃತಿಚಿಕಿತ್ಸೆ ಮತ್ತು ಯೋಗವಿಜ್ಞಾನದ ಪದವಿ ನೀಡುವ ಸಂಸ್ಥೆಗಳ ಪಠ್ಯಕ್ರಮದಲ್ಲಿ ಸೂಜಿಚಿಕಿತ್ಸೆ ಒಂದು ವಿಷಯವಾಗಿದೆ.